ಚೀನೀ ಕಲಿಯಹೋದವರು



ಬೆಳಿಗ್ಗೆ ಎದ್ದೊಡನೆ ನಮ್ಮಲ್ಲಿ ಬಹುಮಂದಿ ಕುಡಿಯುವ ಒಂದು ಪಾನೀಯಕ್ಕೆ ಕನ್ನಡದಲ್ಲಿ ಎರಡು ಬಗೆಯ ಹೆಸರುಗಳುಂಟು. ಧಾರವಾಡದ ಕಡೆಯವರು ಚಹಾ ಎನ್ನುತ್ತಾರೆ, ಕರಾವಳಿಯವರು ಚಾ ಎನ್ನುತ್ತಾರೆ. ಬೆಂಗಳೂರು ಮೈಸೂರುಗಳವರು ಟೀ ಎನ್ನುತ್ತಾರೆ. ಎರಡೂ ಚೀನಾದಿಂದ ಬಂದ ಮಾತುಗಳೇ. ‘ಚಾ’ ಎಂಬುದು ಆ ದೇಶದ ಬಹುಭಾಗದಲ್ಲಿ ಸಲ್ಲುವ ಉಚ್ಚಾರಣೆ. ‘ತೇ’ ಎಂಬುದು ಅದರ ಆಗ್ನೇಯ ಕರಾವಳಿಯ ಜನರ ಉಚ್ಚಾರಣೆ. ಅದು ಡಚ್ಚರ ಹಡಗನ್ನೇರಿ ಯೂರೋಪಿಗೆ ಹೋಗಿ, ಇಂಗ್ಲಿಷರ ಬಾಯಲ್ಲಿ ಟೀ ಎಂದಾಗಿ, ಸುತ್ತುಬಳಸಿ ನಮ್ಮ ಮನೆಗೆ ಬಂತು. ಅರ್ಧ ಪ್ರಪಂಚವನ್ನು ಬಳಸಿಕೊಂಡು ಬಂದ ಈ ‘ಟೀ’ ಎಂಬ ಮಾತು ನಾನು ಈ ಹೊತ್ತು ಹೇಳಹೊರಟಿರುವ ವಿಷಯಕ್ಕೆ ಒಂದು ಒಳ್ಳೆಯ ಮಾದರಿ. ಚೀನಾದಿಂದ ಕನ್ನಡಕ್ಕೆ ಬಂದುದೆಲ್ಲ ಬಹುಮಟ್ಟಿಗೆ ಹೀಗೆ ಇಂಗ್ಲಿಷರ ಅಂಗಳವನ್ನು ಹಾದೇ ಬಂದಿದೆ. ನೇರವಾಗಿ ಹೋಗಿ, ಆ ನುಡಿಯನ್ನು ಕಲಿತು, ತಂದುಕೊಟ್ಟವರು ತೀರ ವಿರಳ. ಆದರೆ ಹೋದವರು ಇಲ್ಲವೆನ್ನುವಂತಿಲ್ಲ. ಈಚಿನ ವರ್ಷಗಳಲ್ಲಿ ಸಾವಿರಾರು ತರುಣರು ಹೋಗಿ ಬಂದಿದ್ದಾರೆ. ಹೋದದ್ದಕ್ಕೂ ತಂದದ್ದಕ್ಕೂ ನಡುವೆ ಇರುವ ಅಂತರವೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಸಾಲ ಬಹಳ ಹಳೆಯದು. ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನು ಮಕ್ಕಳಿಗೆ ಹೇಳುವಾಗ ನಾವು ಎರಡು ಆಧಾರಗಳನ್ನು ಮುಂದಿಡುತ್ತೇವೆ. ಒಂದು, ರವಿಕೀರ್ತಿ ರಚಿಸಿದ ೬೩೪ರ ಐಹೊಳೆಯ ಶಾಸನ. ಇನ್ನೊಂದು, ಹ್ಯೂಯೆನ್ ತ್ಸಾಂಗನ ಪ್ರವಾಸಕಥನ. ಆ ಹೆಸರಿನ ಕಾಗುಣಿತ ಕೂಡ ನಮ್ಮದಲ್ಲ, ಇಂಗ್ಲಿಷ್ ಪುಸ್ತಕವನ್ನು ನೋಡಿ ಬರೆದುಕೊಂಡದ್ದು. ಅವನ ನಾಡಿನವರು ಶ್ವೆನ್‌ಜಾಂಗ್ ಎನ್ನುತ್ತಾರೆ. ಪುಲಿಕೇಶಿಯ ನಾಡಿನ ಯೋಧರು ಎಂಥವರು, ಅವರ ಆನೆಗಳು ಹೇಗೆ ಮದವೇರಿ ನುಗ್ಗುತ್ತಿದ್ದುವು ಎಂಬುದನ್ನು ೬೪೬ರಲ್ಲಿ ಚೀನೀ ಭಾಷೆಯಲ್ಲಿ ಬರೆದಿಟ್ಟವನು ಅವನು. ನಮಗೆ ಅದು ತಿಳಿದದ್ದು ೧೮೮೪ರಲ್ಲಿ ಸ್ಯಾಮ್ಯುಯಲ್ ಬೀಲ್ ಎಂಬ ಆಂಗ್ಲ ವಿದ್ವಾಂಸನ ಅನುವಾದ ಪ್ರಕಟವಾದಮೇಲೆ. ನಮ್ಮ ಅರಸನ ಸುದ್ದಿಯನ್ನು ಪರದೇಶದವನೊಬ್ಬ ಬರೆದ. ಅದನ್ನು ಇನ್ನೊಂದು ಪರದೇಶದವನು ನಮಗೆ ಓದಿ ಹೇಳಿದ. ಈ ಶ್ವೆನ್‌ಜಾಂಗನಾದರೂ ಯಾರು? ಹೊರದೇಶಕ್ಕೆ ಹೋಗಿ ಅಲ್ಲಿನ ಭಾಷೆಯನ್ನೂ ಶಾಸ್ತ್ರವನ್ನೂ ಕಲಿತ ವಿದ್ಯಾರ್ಥಿಯೇ. ನಾಲಂದದಲ್ಲಿ ಶೀಲಭದ್ರನ ಬಳಿ ಪಾಠ ಹೇಳಿಸಿಕೊಂಡು, ೬೫೭ ಗ್ರಂಥಗಳನ್ನು ಹೊತ್ತುಕೊಂಡು ೬೪೫ರಲ್ಲಿ ಊರಿಗೆ ಮರಳಿ, ಉಳಿದ ಆಯುಷ್ಯವನ್ನೆಲ್ಲ ಅನುವಾದಕ್ಕೆ ಸವೆಸಿದವನು.

ಇಲ್ಲಿಂದ ಅಲ್ಲಿಗೂ ಹೋದವರಿದ್ದರು. ೬೯೨ರಲ್ಲಿ ತಾಂಗ್ ರಾಜಸಭೆಗೆ ದಕ್ಷಿಣ ಭಾರತದ ಅರಸನೊಬ್ಬನಿಂದ ಕಾಣಿಕೆ ಬಂದುದನ್ನು ಚೀನೀಯರ ದಾಖಲೆಗಳು ಹೇಳುತ್ತವೆ. ಆ ಅರಸನ ಹೆಸರನ್ನು ಅವರು ತಮ್ಮ ಲಿಪಿಯಲ್ಲಿ, ಇಂದಿನ ಉಚ್ಚಾರಣೆಯಂತೆ ಸುಮಾರಾಗಿ ‘ಚ-ಲೌ-ಛಿ ಪಾ-ಲ್ವೊ-ಫ್ವೊ’ ಎಂದು ಓದಬಹುದಾದ ಅಕ್ಷರಗಳಲ್ಲಿ ಬರೆದುಕೊಂಡಿದ್ದಾರೆ. ಒಂದೆರಡು ಬಾರಿ ಗಟ್ಟಿಯಾಗಿ ಹೇಳಿಕೊಂಡರೆ ನಿಮಗೇ ಹೊಳೆಯುತ್ತದೆ: ಚಾಲುಕ್ಯ ವಲ್ಲಭ. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ವಿನಯಾದಿತ್ಯ. ಅದರ ಮರುವರ್ಷವೇ ಧರ್ಮರುಚಿ ಎಂಬ ದಕ್ಷಿಣ ಭಾರತದ ಪಂಡಿತ ಲೋಯಾಂಗ್ ನಗರವನ್ನು ಸೇರಿದ. ಅಲ್ಲಿನ ಸಾಮ್ರಾಜ್ಞಿ ವು ಅವನಿಗೆ ಬೋಧಿರುಚಿ ಎಂದು ಹೆಸರಿಟ್ಟಳು. ೭೦೬ರಿಂದ ೭೧೩ರವರೆಗೆ ಕುಳಿತು ಮಹಾರತ್ನಕೂಟವೆಂಬ ದೊಡ್ಡ ಸೂತ್ರಸಂಗ್ರಹವನ್ನು ಚೀನೀ ಭಾಷೆಯಲ್ಲಿ ಸಿದ್ಧಪಡಿಸಿದವನು ಅವನೇ. ಆ ಮುದುಕ ಪರದೇಶದ ನುಡಿಯನ್ನು ಯಾವ ವಯಸ್ಸಿನಲ್ಲಿ, ಯಾವ ಕಷ್ಟದಿಂದ ಕಲಿತನೋ! ೭೨೭ರಲ್ಲಿ ಅಲ್ಲಿಯೇ ತೀರಿಕೊಂಡ.

ಹೀಗೆ ಹೋದ ಗ್ರಂಥಗಳ ಪೈಕಿ ಎಷ್ಟೋ ಇಲ್ಲಿ ನಷ್ಟವಾಗಿ ಅಲ್ಲಿ ಉಳಿದವು. ವೈಶೇಷಿಕದ ದಶಪದಾರ್ಥಶಾಸ್ತ್ರ ಈಗ ಇರುವುದು ಶ್ವೆನ್‌ಜಾಂಗನ ಚೀನೀ ಅನುವಾದದಲ್ಲಿ ಮಾತ್ರ. ನಾಗಾರ್ಜುನನದೆಂದು ಹೇಳುವ ಮಹಾಪ್ರಜ್ಞಾಪಾರಮಿತಾಶಾಸ್ತ್ರದ ಗತಿಯೂ ಅದೇ. ಕುಮಾರಜೀವನ ಚೀನೀ ಪಾಠವನ್ನು ಓದಿ, ಕೆ. ವೆಂಕಟರಮಣನ್ ಅವರು ಅದರ ಮೇಲೆ ೧೯೬೬ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಸಾಂಖ್ಯದ ಸುವರ್ಣಸಪ್ತತಿಯನ್ನು ಚೀನೀಯಿಂದ ಸಂಸ್ಕೃತಕ್ಕೆ ಮರಳಿ ತಂದವರು ಅಯ್ಯಾಸ್ವಾಮಿ ಶಾಸ್ತ್ರಿಗಳು. ಅದು ೧೯೪೪ರಲ್ಲಿ ತಿರುಪತಿಯಲ್ಲಿ ಅಚ್ಚಾಯಿತು. ನಮ್ಮ ಮೈಸೂರಿನ ವಿದ್ವಾಂಸರೂ ಈ ಬಗೆಯ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ. ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಚೀನೀಯ ಬದಲು ಟಿಬೆಟನ್ ಭಾಷೆಯನ್ನು ಹಿಡಿದು, ದಿಙ್ನಾಗನ ಪ್ರಮಾಣಸಮುಚ್ಚಯದ ಮೊದಲ ಪರಿಚ್ಛೇದವನ್ನು ಸಂಸ್ಕೃತದಲ್ಲಿ ಪುನಾರಚಿಸಿದರು. ಮೈಸೂರು ವಿಶ್ವವಿದ್ಯಾನಿಲಯ ೧೯೩೦ರಲ್ಲಿ ಅದನ್ನು ಪ್ರಕಟಿಸಿತು. ಆದರೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯ ಕಳೆದುಹೋದ ಒಡವೆ ಸಿಕ್ಕೀತೆಂಬ ಆಸೆಯಿಂದ ಮಾತ್ರ ನೆರೆಯವನ ಮನೆಗೆ ಹೋಗುವುದು ಸ್ನೇಹದ ಲಕ್ಷಣವಲ್ಲ. ಆ ಮನೆಯಲ್ಲಿ ಈಗ ಬದುಕುತ್ತಿರುವ ಜನ ಏನು ಉಣ್ಣುತ್ತಾರೆ, ಏನು ಓದುತ್ತಾರೆ, ಯಾವುದಕ್ಕೆ ಅಳುತ್ತಾರೆ ಎಂಬುದನ್ನೂ ಕೇಳಬೇಕಾಗುತ್ತದೆ.

ಈಚಿನ ಕಾಲದಲ್ಲಿ ಅದನ್ನು ಕೇಳಿದ ಒಬ್ಬನ ಹೆಸರು ನಮ್ಮ ಗಡಿಯಾಚೆಯ ಸೊಲ್ಲಾಪುರಕ್ಕೆ ಸೇರಿದ್ದು. ಕನ್ನಡವೂ ಮರಾಠಿಯೂ ತೆಲುಗೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಊರು ಅದು. ದ್ವಾರಕಾನಾಥ ಕೋಟ್ನೀಸ್ ಹುಟ್ಟಿದ್ದು ಅಲ್ಲಿ, ೧೯೧೦ರ ಅಕ್ಟೋಬರ್ ೧೦ರಂದು. ಮನೆಮಾತು ಕನ್ನಡವಲ್ಲ, ಆದರೂ ಬಹುಭಾಷೆಯ ಊರಿನಲ್ಲಿ ಬೆಳೆದವನಿಗೆ ಇನ್ನೊಂದು ಭಾಷೆ ಎಂದರೆ ಅಷ್ಟಾಗಿ ದಿಗಿಲಾಗುವುದಿಲ್ಲ ಎಂದು ನನಗೆ ತೋರುತ್ತದೆ. ಮುಂಬಯಿಯಲ್ಲಿ ವೈದ್ಯಕೀಯ ಮುಗಿಸಿ, ೧೯೩೮ರಲ್ಲಿ, ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾಕ್ಕೆ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಆತ ಹೊರಟ. ಅಟಲ್, ಚೋಳ್ಕರ್, ಬಸು, ಮುಖರ್ಜಿ ಇವರು ಉಳಿದ ನಾಲ್ವರು. ಹೊರಟಾಗ ಆತನಿಗೆ ಚೀನೀಯ ಗಂಧವೂ ಇರಲಿಲ್ಲ. ಭಾಷೆ ಕಲಿಯಲು ಯಾವ ವಿಶ್ವವಿದ್ಯಾನಿಲಯವೂ ಇರಲಿಲ್ಲ. ಗಾಯಗೊಂಡ ಸಿಪಾಯಿಗಳೇ ಮೇಷ್ಟರು, ಡೇರೆಯೇ ತರಗತಿ. ಎಲ್ಲಿ ನೋವು, ಎಷ್ಟು ದಿನವಾಯಿತು, ಹೆದರಬೇಡ ಎಂಬ ಮಾತುಗಳಿಂದ ಅವನ ಪಾಠ ಆರಂಭವಾಗಿದ್ದಿರಬೇಕು. ಮುಂದೆ ಚೀನೀಯಲ್ಲಿ ಓದಿ ಬರೆಯುವುದನ್ನೂ ಕಲಿತು, ಆ ಭಾಷೆಯಲ್ಲಿಯೇ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುವಷ್ಟು ಬಲಿತ. ೧೯೪೧ರಲ್ಲಿ, ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನನ ಹೆಸರಿನ ಆಸ್ಪತ್ರೆಗೆ ಮುಖ್ಯಸ್ಥನಾದ. ಅದೇ ವರ್ಷ ಕ್ವೊ ಛಿಂಗ್‌ಲಾನ್ ಎಂಬ, ದಾದಿಯರಿಗೆ ಪಾಠ ಹೇಳುತ್ತಿದ್ದ ಹೆಣ್ಣುಮಗಳನ್ನು ಮದುವೆಯಾದ. ೧೯೪೨ರಲ್ಲಿ ಗಂಡುಮಗು ಹುಟ್ಟಿತು. ಅದಕ್ಕೆ ಇನ್‌ಹ್ವಾ ಎಂದು ಹೆಸರಿಟ್ಟರು. ‘ಇನ್’ ಎಂದರೆ ಭಾರತ, ‘ಹ್ವಾ’ ಎಂದರೆ ಚೀನಾ. ಅದೇ ವರ್ಷದ ಡಿಸೆಂಬರ್ ೯ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಪಸ್ಮಾರದ ಬೇನೆಯಿಂದ ಕೋಟ್ನೀಸ್ ತೀರಿಕೊಂಡ. ಅಲ್ಲಿನ ಜನ ಅವನನ್ನು ಕ ತಿಹ್ವಾ ಎಂಬ ಚೀನೀ ಹೆಸರಿನಿಂದಲೇ ನೆನೆಯುತ್ತಾರೆ. ಶಾಂತಾರಾಂ ಅವರ ೧೯೪೬ರ ಚಲನಚಿತ್ರವನ್ನು ನೋಡಿದವರಿಗೆ ಕಥೆ ಗೊತ್ತು. ನಾನು ಒತ್ತಿ ಹೇಳಬೇಕಾದದ್ದು ಚಿತ್ರದಲ್ಲಿ ಅಷ್ಟಾಗಿ ಕಾಣದ ಒಂದು ಅಂಶವನ್ನು. ಐವರಲ್ಲಿ ಈತನ ಹೆಸರು ಅಷ್ಟು ಆಳವಾಗಿ ಉಳಿಯಲು ಅಕಾಲಮರಣವೊಂದೇ ಕಾರಣವಲ್ಲ; ರೋಗಿಯೊಡನೆ ರೋಗಿಯ ಮಾತಿನಲ್ಲಿ ಮಾತನಾಡಿದ್ದು ಕಾರಣ.

೧೯೩೭ರಲ್ಲಿ ಶಾಂತಿನಿಕೇತನದಲ್ಲಿ ತಾನ್ ಯುನ್‌ಶಾನರ ಶ್ರಮದಿಂದ ಚೀನಾಭವನ ಆರಂಭವಾಗಿತ್ತು. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ಕೆಲವು ವಿದ್ಯಾರ್ಥಿಗಳು ಪೀಕಿಂಗ್ ವಿಶ್ವವಿದ್ಯಾನಿಲಯವನ್ನು ಸೇರಿದ್ದರು; ಅವರಲ್ಲೊಬ್ಬರಾದ ಪರಾಂಜಪೆಯವರು ೧೯೫೪ರಲ್ಲಿ ನೆಹರೂ ಮತ್ತು ಮಾವೊ ನಡುವೆ ದುಭಾಷಿಯಾಗಿ ಕುಳಿತಿದ್ದರು. ೧೯೬೨ರ ಯುದ್ಧ ಬಂತು. ದಾರಿ ಮುಚ್ಚಿತು. ಆಮೇಲೆ ಈ ಭಾಷೆ ದಿಲ್ಲಿಯ ಒಂದೆರಡು ವಿಶ್ವವಿದ್ಯಾನಿಲಯಗಳಿಗೂ ಸೈನ್ಯದ ಮತ್ತು ವಿದೇಶಾಂಗದ ಕಚೇರಿಗಳಿಗೂ ಹೆಚ್ಚಾಗಿ ಸೀಮಿತವಾಯಿತು. ಅದನ್ನು ವಿವರಿಸುತ್ತ ಹೋಗುವುದು ಬೇಡ.

ಮತ್ತೆ ಬಾಗಿಲು ತೆರೆದದ್ದು ವಿಚಿತ್ರವಾದ ಒಂದು ದಾರಿಯಿಂದ. ಇಲ್ಲಿ ವೈದ್ಯಕೀಯ ಸೀಟು ಸಿಗದ, ಸಿಕ್ಕರೂ ಹಣ ತೆರಲಾರದ ಮನೆಗಳ ಮಕ್ಕಳು ಚೀನಾಕ್ಕೆ ಹೋಗತೊಡಗಿದರು. ೨೦೨೦ಕ್ಕೆ ಮುಂಚೆ ಅಲ್ಲಿ ಓದುತ್ತಿದ್ದ ಭಾರತೀಯರು ಸುಮಾರು ೨೩,೦೦೦. ಅವರಲ್ಲಿ ಬಹುಪಾಲು ವೈದ್ಯಕೀಯದವರು. ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ಇಂಥ ಮಕ್ಕಳಿರುವ ಮನೆಗಳನ್ನು ನಾನು ಬಲ್ಲೆ. ಮಗನ ಓದಿಗಾಗಿ ನಿವೇಶನ ಮಾರಿದ ತಂದೆಯನ್ನೂ ಬಲ್ಲೆ. ಪಾಠ ಇಂಗ್ಲಿಷಿನಲ್ಲಿ, ಚೀನೀಯ ಚಿಂತೆ ಬೇಡ ಎಂದು ದಲ್ಲಾಳಿಗಳು ಹೇಳಿ ಕಳುಹಿಸುತ್ತಾರೆ. ಪಾಠವೇನೋ ಇಂಗ್ಲಿಷಿನಲ್ಲಿ ಇರಬಹುದು. ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲವಲ್ಲ! ಎಚ್.ಎಸ್.ಕೆ. ಎಂಬ ಚೀನೀ ಭಾಷಾ ಪರೀಕ್ಷೆಯ ನಾಲ್ಕನೆಯ ಹಂತವನ್ನು ದಾಟದವರಿಗೆ ಪದವಿಯನ್ನೇ ಕೊಡುವುದಿಲ್ಲವೆಂದು ೨೦೨೨ರಲ್ಲಿ ನಮ್ಮ ರಾಯಭಾರ ಕಚೇರಿಯೇ ವಿದ್ಯಾರ್ಥಿಗಳನ್ನು ಎಚ್ಚರಿಸಬೇಕಾಯಿತು. ಬಹುಕಾಲ ನಡೆದುಬಂದ ಪಠ್ಯಕ್ರಮದಲ್ಲಿ ಆ ಹಂತವೆಂದರೆ ಸುಮಾರು ೧,೨೦೦ ಪದಗಳು. ಅದೇ ಎಚ್ಚರಿಕೆಯಲ್ಲಿ ಇನ್ನೊಂದು ಲೆಕ್ಕವೂ ಇತ್ತು: ೨೦೧೫ರಿಂದ ೨೦೨೧ರವರೆಗೆ, ಅಲ್ಲಿಂದ ಬಂದು ಇಲ್ಲಿನ ಅರ್ಹತಾ ಪರೀಕ್ಷೆಗೆ ಕುಳಿತ ೪೦,೪೧೭ ಮಂದಿಯಲ್ಲಿ ತೇರ್ಗಡೆಯಾದವರು ೬,೩೮೭. ಈ ಸೋಲಿಗೆ ಕಾರಣಗಳು ಹಲವು. ಅವೆಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯಬೇಕಾದ ವಿದ್ಯೆಯನ್ನು ಕಿವುಡನಂತೆ ನಿಂತು ಕಲಿತರೆ ಎಷ್ಟು ಬಂದೀತು?

ವಿಜಯನಗರದಲ್ಲಿರುವ ನನ್ನ ಬಂಧುವೊಬ್ಬರ ಮಗ ಹೀಗೆ ಹೋಗಿದ್ದವನು. ಆಸ್ಪತ್ರೆಯ ತರಬೇತಿಯ ಮೊದಲ ವಾರ ಮುದುಕಿಯೊಬ್ಬಳು ದಿನವೂ ಅವನ ಕೈ ಹಿಡಿದು ‘ಊಟವಾಯಿತೆ?’ ಎಂದು ಕೇಳುತ್ತಿದ್ದಳಂತೆ. ತಾನು ಅಷ್ಟು ಬಡಕಲಾಗಿ ಕಾಣುತ್ತೇನೆಯೆ ಎಂದು ಹುಡುಗನಿಗೆ ಸಂಕೋಚ. ಅದು ಅವರಲ್ಲಿ ಬರಿಯ ಕುಶಲಪ್ರಶ್ನೆ ಎಂದು ಆಮೇಲೆ ತಿಳಿಯಿತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇದು ತಟ್ಟನೆ ಹೊಳೆಯಬೇಕಾಗಿತ್ತು. ನಮ್ಮ ಹಿರಿಯರು ಬೀದಿಯಲ್ಲಿ ಎದುರಾದವರನ್ನು ಬೇರೆ ಏನು ಕೇಳುತ್ತಿದ್ದರು? ಅವನು ಇಂಗ್ಲಿಷಿನಲ್ಲಿ ಅನುವಾದಿಸಿಕೊಂಡ, ಆದ್ದರಿಂದ ತಿಳಿಯಲಿಲ್ಲ. ಕನ್ನಡಕ್ಕೆ ಅನುವಾದಿಸಿಕೊಂಡಿದ್ದರೆ ಅಲ್ಲಿಯೇ ಅರ್ಥವಾಗುತ್ತಿತ್ತು. ೨೦೨೦ರಲ್ಲಿ ಸೋಂಕು ಹಬ್ಬಿದಾಗ ಅವನೂ ಮನೆಗೆ ಬಂದ. ೨೦೨೨ರ ಆಗಸ್ಟಿನಲ್ಲಿ ಮತ್ತೆ ಪ್ರವೇಶಪತ್ರ ಕೊಡುವವರೆಗೆ ಈ ಮಕ್ಕಳು ಎರಡೂವರೆ ವರ್ಷ ತಮ್ಮ ಕೋಣೆಗಳಲ್ಲಿ ಕುಳಿತು, ಗಾಜಿನ ಪರದೆಯ ಮೇಲೆ ಶಸ್ತ್ರಚಿಕಿತ್ಸೆಯನ್ನು ನೋಡಿದರು. ಕಲಿತಿದ್ದ ಅಷ್ಟಿಷ್ಟು ಚೀನೀಯೂ ಆ ಅವಧಿಯಲ್ಲಿ ಸೋರಿಹೋಯಿತು ಎನ್ನುತ್ತಾನೆ.

ಇವರ ನಡುವೆ, ಭಾಷೆಗಾಗಿಯೇ ಹೋದವಳು ಒಬ್ಬಳಿದ್ದಾಳೆ. ಬಸವೇಶ್ವರನಗರದ ಹುಡುಗಿ, ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ನನ್ನ ತರಗತಿಯಲ್ಲಿ ಹಳಗನ್ನಡ ಓದಿದವಳು. ಬೀಜಿಂಗಿನ ಭಾಷಾ ಮತ್ತು ಸಂಸ್ಕೃತಿ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಕಳೆದು ಬಂದಳು. ೧೯೬೨ರಲ್ಲಿ, ಅಂದರೆ ನಮ್ಮ ದಾರಿ ಮುಚ್ಚಿದ ವರ್ಷದಲ್ಲಿಯೇ, ಪರದೇಶದ ವಿದ್ಯಾರ್ಥಿಗಳಿಗೆ ಚೀನೀ ಕಲಿಸುವುದಕ್ಕಾಗಿ ಸ್ಥಾಪಿತವಾದ ಸಂಸ್ಥೆ ಅದು. ಅವಳು ಹೇಳಿದ ಮಾತುಗಳಲ್ಲಿ ಕೆಲವನ್ನು, ಕನ್ನಡದ ಮೇಷ್ಟರಾದ ನನಗೆ ರುಚಿಸಿದುವನ್ನು, ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಅಕ್ಷರಗಳ ಮಾತು. ಚೀನೀಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಎಂಬ ಕ್ರಮ ೧೯೫೮ರಿಂದ ರೂಢಿಗೆ ಬಂದಿದೆ. ಅದರಲ್ಲಿ ‘ಬಿ’ ಎಂದು ಬರೆದ ಅಕ್ಷರ ವಾಸ್ತವವಾಗಿ ಬಕಾರವಲ್ಲ, ಪಕಾರ. ‘ಪಿ’ ಎಂದು ಬರೆದದ್ದು ಮಹಾಪ್ರಾಣದ ಫಕಾರ. ‘ಡಿ’ ಎಂದರೆ ತ, ‘ಟಿ’ ಎಂದರೆ ಥ. ‘ಜಿ’ ಎಂದರೆ ಕ, ‘ಕೆ’ ಎಂದರೆ ಖ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವೇ ಆ ಭಾಷೆಯ ವ್ಯಂಜನಗಳ ಜೀವಾಳ. ಇಂಗ್ಲಿಷಿನ ಕಿವಿಗೆ ಇದು ದೊಡ್ಡ ಕಷ್ಟ. ತರಗತಿಯ ಯೂರೋಪಿನ ಹುಡುಗರು ಬಾಯ ಮುಂದೆ ಕಾಗದದ ಚೂರು ಹಿಡಿದು, ಅದು ಅಲುಗುವಂತೆ ಉಸಿರು ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದರಂತೆ. ಒಂದನೆಯ ತರಗತಿಯಲ್ಲಿ ಕ ಖ ಕಲಿತ ನಮ್ಮ ಹುಡುಗಿಗೆ ಇದು ಒಂದು ಬೆಳಗಿನ ಕೆಲಸ. ನಾವು ಬೀಜಿಂಗ್ ಎಂದು ಬರೆಯುವುದು ರೋಮನ್ ಅಕ್ಷರಗಳ ಮೋಸಕ್ಕೆ ಒಳಗಾಗಿ. ಕಿವಿಗೆ ಕೇಳುವುದು ಪೇಯ್‌ಚಿಂಗ್ ಎಂಬುದಕ್ಕೆ ಹತ್ತಿರ. ಲಾವೊತ್ಸುವಿನ ಕೃತಿಯನ್ನು ಅನಂತಮೂರ್ತಿಯವರು ಇಂಗ್ಲಿಷಿನ ಮೂಲಕ ಕನ್ನಡಿಸಿ ‘ದಾವ್ ದ ಜಿಂಗ್’ ಎಂದು ಹೆಸರಿಟ್ಟರಷ್ಟೆ. ಇಂಗ್ಲಿಷಿನ ಹಳೆಯ ಪುಸ್ತಕಗಳು ‘ಟಾವೊ’ ಎಂದುವು. ಎರಡರ ನಡುವೆ ಕನ್ನಡದ ಒಂದು ಸಾದಾ ‘ತ’ ಕಾದು ಕುಳಿತಿತ್ತು. ಇದರಿಂದ ಆ ಸೊಗಸಾದ ಕನ್ನಡ ಕೃತಿಗೆ ಕುಂದೇನೂ ಬಾರದು. ಆದರೆ ರೋಮನ್ನಿಗಿಂತ ನಮ್ಮ ವರ್ಣಮಾಲೆಯೇ ಚೀನೀಗೆ ಹೆಚ್ಚು ಒಪ್ಪುತ್ತದೆಂಬುದು ನನಗೆ ಹೊಸ ವಿಷಯ.

ಸ್ವರದ ಏರಿಳಿತ ಮಾತ್ರ ನಮಗೂ ಅಪರಿಚಿತ. ‘ಮಾ’ ಎಂಬ ಒಂದೇ ಉಚ್ಚಾರಣೆ ರಾಗ ಬದಲಾದಂತೆ ತಾಯಿ, ಸೆಣಬು, ಕುದುರೆ, ಬೈಗುಳ ಎಂದು ನಾಲ್ಕು ಅರ್ಥವಾಗುವುದನ್ನು ಚೀನೀಯ ಮೊದಲ ಪಾಠದಲ್ಲಿಯೇ ಹೇಳುತ್ತಾರೆ. ಇದು ವಿಚಿತ್ರವೆನ್ನುವ ಮುನ್ನ, ಕಲೆ ಕಳೆಗಳ ಭೇದವೂ ಬಳೆ ಬಾಳೆಗಳ ಭೇದವೂ ಹೊರಗಿನವರಿಗೆ ಎಷ್ಟು ವಿಚಿತ್ರವೆಂದು ನೆನೆಯಬೇಕು.

ಇನ್ನು ಬಂಧುವಾಚಕಗಳು. ಇಂಗ್ಲಿಷಿನ ಬ್ರದರ್ ಎಂಬ ಮಾತಿಗೆ ಚೀನೀಯಲ್ಲಿ ನೇರವಾದ ಒಂದು ಮಾತಿಲ್ಲ. ಅಣ್ಣನಿಗೆ ಒಂದು, ತಮ್ಮನಿಗೆ ಒಂದು. ಅಕ್ಕ ತಂಗಿಯರೂ ಹಾಗೆಯೇ. ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ತನ್ನ ಮನೆಯವರನ್ನು ಕುರಿತು ನಾಲ್ಕು ವಾಕ್ಯ ಬರೆಯಿರೆಂದು ಗುರುಗಳು ಹೇಳಿದಾಗ ಇಂಗ್ಲೆಂಡಿನ ಹುಡುಗ ಪೆನ್ನು ಕಚ್ಚುತ್ತ ಕುಳಿತಿದ್ದನಂತೆ, ಇವಳು ಐದು ನಿಮಿಷದಲ್ಲಿ ಬರೆದೆದ್ದಳಂತೆ. ಎಣಿಸುವ ಕ್ರಮದಲ್ಲಿಯೂ ಒಂದು ಸೊಗಸುಂಟು. ಮೂರು ಕಾಗದ, ಮೂರು ಮೀನು ಎಂದು ಅವರು ಬರಿದೆ ಹೇಳುವುದಿಲ್ಲ; ಚಪ್ಪಟೆಯಾದ ಕಾಗದ ಮೇಜುಗಳಿಗೆ ಒಂದು ಎಣಿಕೆಯ ಮಾತು, ಉದ್ದವಾದ ಮೀನು ನದಿ ರಸ್ತೆಗಳಿಗೆ ಇನ್ನೊಂದು, ಪುಸ್ತಕಕ್ಕೆ ಮತ್ತೊಂದು. ಇಬ್ಬರು ಹುಡುಗರು ಆದರೆ ಎರಡು ಮರ ಎನ್ನುವ, ಒಂದು ಕಟ್ಟು ಸೊಪ್ಪು, ಒಂದು ಜೊತೆ ಎತ್ತು ಎನ್ನುವ ನಮಗೆ ಇದರ ಒಳಮರ್ಮ ಬೇಗನೆ ತಿಳಿಯುತ್ತದೆ. ಇಷ್ಟಾದರೂ ವಿಭಕ್ತಿಯಿಲ್ಲ, ಲಿಂಗವಿಲ್ಲ, ಕ್ರಿಯಾ ಪದಕ್ಕೆ ಕಾಲದ ಪ್ರತ್ಯಯವಿಲ್ಲ! ಕೇಶಿರಾಜ ಅಲ್ಲಿ ಹುಟ್ಟಿದ್ದರೆ ಅರ್ಧ ದರ್ಪಣವನ್ನು ಬರೆಯಬೇಕಾಗಿಯೇ ಇರಲಿಲ್ಲ.

ಲಿಪಿಯ ವಿಷಯದಲ್ಲಿ ನಮ್ಮ ಪತ್ರಿಕೆಗಳು ಹಬ್ಬಿಸಿರುವ ಒಂದು ಭ್ರಮೆಯನ್ನು ಅವಳು ಕಳೆದಳು. ಒಂದು ಮರದ ಚಿತ್ರ ಬರೆದರೆ ಮರ, ಮೂರು ಬರೆದರೆ ಅಡವಿ. ಸೂರಿನ ಕೆಳಗೆ ಹಂದಿಯನ್ನು ಬರೆದರೆ ಮನೆ. ಕೇಳಲು ಚೆನ್ನ. ಆದರೆ ಬಹುಪಾಲು ಅಕ್ಷರಗಳು ಇಂಥ ಚಿತ್ರಗಳಲ್ಲ. ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಉಚ್ಚಾರಣೆಯ ಸುಳಿವು. ಪತ್ರಿಕೆ ಓದಲು ಸುಮಾರು ಮೂರು ಸಾವಿರ ಅಕ್ಷರಗಳನ್ನು ತಿದ್ದಬೇಕು. ಜಾಣತನ ಇಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ, ಕೈಬೆರಳಿನ ನೋವೇ ಹೆಚ್ಚು. ಆರು ತಿಂಗಳು ಕಳೆದಮೇಲೂ ಏಳು ವರ್ಷದ ಮಗುವಿನಷ್ಟು ಓದಲಾರದ ಅವಮಾನವನ್ನು ನುಂಗಿಕೊಳ್ಳುವುದೇ ಚೀನೀ ವ್ಯಾಸಂಗದ ಮುಖ್ಯ ಪಾಠವೆಂದು ಅವಳ ಅಭಿಪ್ರಾಯ. ಅವಳ ಕೈಯಲ್ಲಿದ್ದ ನಿಘಂಟಾದರೂ ಚೀನೀ-ಇಂಗ್ಲಿಷ್ ನಿಘಂಟು. ಪ್ರತಿಯೊಂದು ಪದವೂ ಅವಳಿಗೆ ಎರಡು ಹೊಳೆ ದಾಟಿ ಬರಬೇಕಾಗಿತ್ತು. ಜರ್ಮನಿಯ ಕಿಟೆಲ್ ಸಾಹೇಬರು ಇಲ್ಲಿಗೆ ಬಂದು ಕುಳಿತು ೧೮೯೪ರಲ್ಲಿ ಕನ್ನಡಕ್ಕೆ ಕೊಟ್ಟಂಥ ನಿಘಂಟನ್ನು ನಮ್ಮವರೊಬ್ಬರು ಅಲ್ಲಿಗೆ ಹೋಗಿ ಕುಳಿತು ತಂದಾರೆ ಎಂದು ನಾನು ಕೇಳಿದಾಗ ನಕ್ಕಳು.

ಇದೆಲ್ಲ ಪಂಡಿತರ ವಿನೋದವೆಂದು ತಳ್ಳಿಹಾಕುವವರನ್ನು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಕರೆದೊಯ್ಯಬೇಕು. ಅಲ್ಲಿ ಸಣ್ಣದೊಂದು ಕಾರ್ಖಾನೆಗೆ ಚೀನಾದಿಂದ ತಗಡು ಮಡಚುವ ಯಂತ್ರ ಬಂದಿತ್ತು. ಗುಂಡಿಗಳ ಮೇಲೆಲ್ಲ ಚೀನೀ ಅಕ್ಷರಗಳು. ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿಯಂತೂ ಚೀನೀಗಿಂತ ದುರ್ಗಮ. ಕೆಲಸಗಾರರು ಗುಂಡಿಗಳನ್ನು ಬಣ್ಣದಿಂದ, ಸ್ಥಾನದಿಂದ ಗುರುತಿಟ್ಟುಕೊಂಡಿದ್ದರು. ಮಾಲೀಕರು ನನಗೆ ಪರಿಚಿತರಾದ್ದರಿಂದ ನಾನು ಈ ಹುಡುಗಿಯನ್ನು ಕರೆದೊಯ್ದೆ. ಅವಳು ಒಂದೊಂದನ್ನೇ ಓದಿ, ಕನ್ನಡದಲ್ಲಿ ಚೀಟಿ ಬರೆದು ಅಂಟಿಸುತ್ತ ಬಂದಳು. ಒಂದು ಗುಂಡಿಗೆ ‘ತುರ್ತು ನಿಲುಗಡೆ’ ಎಂದು ಬರೆಯಹೋದಾಗ, ಹತ್ತಿರ ನಿಂತಿದ್ದ ಕೆಲಸಗಾರನೊಬ್ಬ, “ಅಮ್ಮಾ, ಕೈ ಸಿಕ್ಕಿಕೊಂಡಾಗ ಅಷ್ಟು ಓದೋಕಾಗುತ್ತಾ? ‘ನಿಲ್ಲು’ ಅಂತ ಬರೀರಿ, ಸಾಕು,” ಎಂದ. ಅವಳು ಹಾಗೆಯೇ ಬರೆದಳು. ಚೀನೀಯಿಂದ ಕನ್ನಡಕ್ಕೆ ನೇರವಾಗಿ ಆದ ಅನುವಾದವೆಂದು ನಾನು ಕಣ್ಣಾರೆ ಕಂಡದ್ದು ಮೊದಲು ಅದೇ.

ಶತ್ರುವಿನ ಭಾಷೆಯನ್ನು ಏಕೆ ಕಲಿಯಬೇಕು ಎಂದು ಕೇಳುವವರಿದ್ದಾರೆ. ೨೦೨೦ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ ಸೈನಿಕರು ಮಡಿದ ಮೇಲೆ ಈ ಪ್ರಶ್ನೆಗೆ ಕಾವು ಬಂತು. ೨೦೧೯ರ ಶಿಕ್ಷಣನೀತಿಯ ಕರಡಿನಲ್ಲಿ, ಶಾಲೆಯಲ್ಲಿ ಕಲಿಯಬಹುದಾದ ವಿದೇಶೀ ಭಾಷೆಗಳ ನಡುವೆ ಚೀನೀಯ ಹೆಸರಿತ್ತು. ೨೦೨೦ರ ಜುಲೈನಲ್ಲಿ ಹೊರಬಂದ ನೀತಿಯಲ್ಲಿ ಅದು ಇರಲಿಲ್ಲ. ಮಡಿದವರ ಮನೆಯವರ ಸಂಕಟವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಜಗಳವಾಡುವ ನೆರೆಯವನ ಮಾತು ನಮಗೆ ತಿಳಿಯದಿದ್ದರೆ ನಷ್ಟ ಯಾರಿಗೆ? ನಮ್ಮ ಮಾತು ಅವರಿಗೆ ತಿಳಿಯುತ್ತದೆ. ಚಿ ಶ್ಯೆನ್‌ಲಿನ್ ಎಂಬ ವಿದ್ವಾಂಸರು ೧೯೩೫ರಲ್ಲಿ ಜರ್ಮನಿಗೆ ಹೋಗಿ ಸಂಸ್ಕೃತ ಕಲಿತವರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅವಮಾನಕ್ಕೆ ಗುರಿಯಾಗಿ, ವಿದ್ಯಾರ್ಥಿನಿಲಯವೊಂದರ ಬಾಗಿಲು ಕಾಯುವ ಕೆಲಸಕ್ಕೆ ಇಳಿದರು. ೧೯೭೩ರಿಂದ ಅಲ್ಲಿ ಕುಳಿತು, ಯಾರಿಗೂ ಕಾಣದಂತೆ, ವಾಲ್ಮೀಕಿ ರಾಮಾಯಣವನ್ನು ಚೀನೀ ಪದ್ಯಕ್ಕೆ ತಿರುಗಿಸತೊಡಗಿದರು. ೧೯೮೦ರಿಂದ ೧೯೮೪ರವರೆಗೆ ಅದು ಸಂಪುಟಸಂಪುಟವಾಗಿ ಹೊರಬಂತು. ೨೦೦೮ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣವನ್ನಿತ್ತಿತು. ಮಹಾಭಾರತವೂ ೨೦೦೫ರಲ್ಲಿ ಸಂಸ್ಕೃತದಿಂದ ಚೀನೀಗೆ ಪೂರ್ಣವಾಗಿ ಬಂದಿದೆ. ಯುದ್ಧ ನಡೆದ ಎರಡು ದೇಶಗಳಲ್ಲಿ ಒಂದು ಈ ಕೆಲಸ ಮಾಡಿತು. ನಮ್ಮಲ್ಲಿ ನಿರಂಜನರು ಸಂಪಾದಿಸಿದ ೨೫ ಸಂಪುಟಗಳ ವಿಶ್ವಕಥಾಕೋಶದಲ್ಲಿ ಚೀನಾಕ್ಕೂ ಒಂದು ಸಂಪುಟ ಮೀಸಲಾಯಿತೆಂಬುದು ಕನ್ನಡದ ಹೆಮ್ಮೆ. ಅದರ ಕಥೆಗಳು ಬಂದ ದಾರಿ ಮಾತ್ರ ಟೀ ಬಂದ ದಾರಿಯೇ.

೨೦೨೫ರ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ನೇರ ವಿಮಾನ ಸಂಚಾರ ಮತ್ತೆ ಆರಂಭವಾಯಿತು. ಹೋಗಬಯಸುವವರಿಗೆ ಚೀನಾ ಸರ್ಕಾರದ ವಿದ್ಯಾರ್ಥಿವೇತನಗಳುಂಟು. ತೈವಾನಿನಲ್ಲಿಯೂ ಭಾಷೆ ಕಲಿಯಲೆಂದೇ ಕೊಡುವ ವೇತನವುಂಟು. ಆದರೆ ಅಲ್ಲಿ ೧೯೫೬ರ ಸರಳೀಕರಣಕ್ಕೆ ಒಳಗಾಗದ ಹಳೆಯ, ಗೆರೆಗಳು ಹೆಚ್ಚಾದ ಅಕ್ಷರಗಳನ್ನೇ ಬರೆಯುತ್ತಾರೆ. ಪ್ರಾಚೀನ ಗ್ರಂಥಗಳ ಕಡೆಗೆ ಒಲವಿದ್ದವರಿಗೆ ಅದೇ ಮೇಲು. ಹೋಗುವ ಮಕ್ಕಳಿಗೆ ನನ್ನದೊಂದು ಕೋರಿಕೆ: ಕನ್ನಡವನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಹೋಗಬೇಡಿ. ವೈದ್ಯರಾಗಹೊರಟವರಿಗೂ ಈ ಮಾತು ಸಲ್ಲುತ್ತದೆ. ಲೂ ಶುನ್ ಎಂಬ ಮಹಾಲೇಖಕ ೧೯೦೪ರಲ್ಲಿ ಜಪಾನಿನ ಸೆಂಡೈ ನಗರಕ್ಕೆ ವೈದ್ಯಕೀಯ ಓದಲು ಹೋದವನೇ. ೧೯೦೬ರಲ್ಲಿ ಅದನ್ನು ಬಿಟ್ಟು ಸಾಹಿತ್ಯಕ್ಕೆ ತಿರುಗಿದ. ಎಲ್ಲರೂ ವೈದ್ಯಕೀಯವನ್ನು ಬಿಡಲೆಂದು ನಾನು ಹೇಳುತ್ತಿಲ್ಲ, ತಂದೆತಾಯಿಗಳು ಗಾಬರಿಯಾಗಬಾರದು. ಐದು ವರ್ಷ ಅಲ್ಲಿ ಬದುಕಿ ಬಂದವನು ಒಂದು ಸಣ್ಣ ಪುಸ್ತಕವನ್ನು, ಆಸ್ಪತ್ರೆಯ ಮುದುಕಿಯನ್ನು ಕುರಿತ ಹತ್ತು ಪುಟವನ್ನು, ಕನ್ನಡದಲ್ಲಿ ಬರೆಯಬಹುದಲ್ಲವೆ?

ಬಸವೇಶ್ವರನಗರದ ಹುಡುಗಿ ಈಗ ಲೂ ಶುನ್‌ನ ಕಥೆಯೊಂದನ್ನು ಮೂಲದಿಂದಲೇ ಕನ್ನಡಿಸುತ್ತಿದ್ದಾಳೆ. ೧೯೧೯ರಲ್ಲಿ ಬಂದ ಖೊಂಗ್ ಇಚಿ ಎಂಬ ಕಥೆ. ಪರೀಕ್ಷೆಗಳಲ್ಲಿ ಸೋತು, ಪಾಂಡಿತ್ಯದ ಗರ್ವ ಮಾತ್ರ ಉಳಿದ ಬಡವನೊಬ್ಬ ಹೆಂಡದಂಗಡಿಯ ಹುಡುಗನಿಗೆ ಅಕ್ಷರ ಕಲಿಸಲು ಹೋಗುತ್ತಾನೆ. ಅವನು ನಂಚಿಕೊಳ್ಳುವ ಕಾಳಿನ ಹೆಸರಿನಲ್ಲಿರುವ ‘ಹುಯ್’ ಎಂಬುದನ್ನು ಬರೆಯುವುದು ಹೇಗೆಂದು ಕೇಳಿ, ಆ ಅಕ್ಷರಕ್ಕೆ ನಾಲ್ಕು ರೂಪಗಳುಂಟೆಂದು ಬೀಗುತ್ತಾನೆ. ಹುಡುಗಿ ಸಿಕ್ಕಿಬಿದ್ದದ್ದು ಆ ಕಾಳಿನಲ್ಲಿ. ಅದನ್ನು ‘ಅವರೆಕಾಳು’ ಎನ್ನಲೆ ಎಂದು ಕೇಳಿಕೊಂಡು ಬಂದಳು. ಎನ್ನಬಹುದು, ಬೆಂಗಳೂರಿನ ಬಾಯಿಗೆ ರುಚಿಯಾಗಿಯೇ ಇರುತ್ತದೆ ಎಂದೆ. ಅದು ಅವರೆಯಲ್ಲ, ಬೇರೆ ಜಾತಿಯ ದಪ್ಪ ಕಾಳು, ಸೋಂಪು ಹಾಕಿ ಬೇಯಿಸುತ್ತಾರೆ, ಎಂದು ತಾನೇ ಒಪ್ಪಲಿಲ್ಲ. ನಾಲ್ಕು ರೂಪದ ಅಕ್ಷರಕ್ಕೆ ಬದಲಾಗಿ ನಮ್ಮ ಹಳಗನ್ನಡದ ಱಕಾರ ೞಕಾರಗಳನ್ನು ತರಬಹುದೆಂದು ನಾನು ಸಲಹೆ ಮಾಡಿದೆ; ಅದನ್ನೂ ಒಪ್ಪಲಿಲ್ಲ. ಅವನು ಚೀನೀ ಪಂಡಿತ, ಅವನ ಬಾಯಲ್ಲಿ ೞಕಾರ ಹೇಗೆ ಬಂದೀತು, ಕನ್ನಡದ ಓದುಗ ಸ್ವಲ್ಪ ಕಷ್ಟಪಡಲಿ ಎಂದಳು. ಕೊನೆಗೆ ‘ಸೋಂಪುಗಾಳು’ ಎಂಬ ಒಂದು ಹೊಸ ಪದವನ್ನು ತಾನೇ ಕಟ್ಟಿಕೊಂಡಳು. ಈಗ ಮೂರನೆಯ ಕರಡಿನಲ್ಲಿದ್ದಾಳೆ.